ಅಡುಗೆಮನೆಗೆಂದು ಮಾಡಿದ ಆಟದ ಪೆಟ್ಟಿಗೆ

ಅಟ್ಟದ ಮೇಲೆ ಸಿಕ್ಕಿದ ಹಳೆಯ ಟಿ.ವಿ. ಗೇಮನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಇದನ್ನು ಕೈಯಲ್ಲಿ ಹಿಡಿದು ಆಡುವ ಹಾಗೆ ಮಾಡಿಕೊಡಿ ಎನ್ನುವ ಹುಡುಗರು ಈಗೀಗ ಕುಮಟೆಯ ನನ್ನ ರಿಪೇರಿ ಅಂಗಡಿಗೆ ಆಗಾಗ ಬರುತ್ತಾರೆ. ಯಾವುದೋ ದೇಶದವನೊಬ್ಬ ಅಂಥ ಯಂತ್ರದ ಹೊಟ್ಟೆ ಕೊಯ್ದು, ಬೋರ್ಡು ಕತ್ತರಿಸಿ, ಪುಟ್ಟ ಪರದೆ ಮತ್ತು ಬ್ಯಾಟರಿ ಕೂರಿಸಿ ಜೇಬಿಗೆ ಇಳಿಸುವ ವಿಡಿಯೋವನ್ನು ಮೊಬೈಲಿನಲ್ಲಿ ತೋರಿಸುತ್ತಾರೆ. ನಾನು ಆಗುವುದಿಲ್ಲ ಎನ್ನುತ್ತೇನೆ. ಮಿಕ್ಸರು, ಮೊಬೈಲು, ಬೋಟಿನ ವಯರ್‌ಲೆಸ್ಸು, ಏನು ತಂದರೂ ಬಿಚ್ಚುವವಳು ಇದೊಂದಕ್ಕೆ ಕೈ ಹಾಕುವುದಿಲ್ಲ. ಹೋದ ತಿಂಗಳು ಹೆಬಳೆಯಿಂದ ಬಂದಿದ್ದ ಹುಡುಗನೊಬ್ಬ, "ಅಕ್ಕಂಗೆ ಇದು ಬರೂದಿಲ್ಲ ಕಾಣ್ತದೆ" ಎಂದು ಗೆಳೆಯನಿಗೆ ಹೇಳಿ ಇಳಿದು ಹೋದ. ಬರುತ್ತದೆ ಮಾರಾಯ. ನಾನು ಒಂಬತ್ತನೇ ಕ್ಲಾಸಿನಲ್ಲೇ ಮಾಡಿದ್ದೆ, ಅದೂ ತೋರಿಸಿಕೊಡುವ ವಿಡಿಯೋ ಇಲ್ಲದ ಕಾಲದಲ್ಲಿ. ಮಾಡಿದ್ದಕ್ಕೆ ನಮ್ಮ ಮನೆಯಲ್ಲಿ ಆದದ್ದನ್ನು ಕೌಂಟರಿನ ಎದುರು ನಿಂತವರಿಗೆ ಹೇಳುವುದಕ್ಕಾಗುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಭಟ್ಕಳದ ಹತ್ತಿರದ ತೆಂಗಿನಗುಂಡಿಯ ನಮ್ಮ ಮನೆಯಲ್ಲಿ ಮೂರೇ ಭಾಗ. ಎದುರಿಗೆ ಜಗುಲಿ, ನಡುವೆ ಕತ್ತಲೆ ಕೋಣೆ, ಹಿಂದೆ ಅಡುಗೆಮನೆ. ಜಗುಲಿಯಲ್ಲಿ ಅಪ್ಪನ ಬೆಂಚು, ಅಜ್ಜಿಯ ಚಾಪೆ, ಗೋಡೆಗೆ ಒರಗಿಸಿದ ಬಲೆಯ ರಾಶಿ ಮತ್ತು ಮರದ ಸ್ಟ್ಯಾಂಡಿನ ಮೇಲೆ ಟಿ.ವಿ. ಇದ್ದವು. ನಡುಕೋಣೆಯಲ್ಲಿ ಅಕ್ಕಿ ಮೂಟೆ, ಒಣಮೀನು ಮತ್ತು ದೇವರು ಒಟ್ಟಿಗೆ ಸಂಸಾರ ಮಾಡುತ್ತಿದ್ದರು. ಅಡುಗೆಮನೆ ಅಮ್ಮನದು ಮತ್ತು ನನ್ನದು. ಉಪ್ಪುಗಾಳಿ ಬೀಗದ ಕೈಯಿಂದ ಹಿಡಿದು ನನ್ನ ಕಂಪಾಸು ಪೆಟ್ಟಿಗೆಯ ತನಕ ಎಲ್ಲವನ್ನೂ ತಿನ್ನುತ್ತಿತ್ತು. ಊಟಕ್ಕೆ ಮೊದಲು ಅಪ್ಪ, ಆಮೇಲೆ ಅಜ್ಜಿ, ಅಜ್ಜಿ ಎದ್ದ ಮೇಲೆ ನಾವಿಬ್ಬರು. ಮೀನಿನ ನಡುತುಂಡು ಅಪ್ಪನಿಗೆ, ತಲೆ ಅಜ್ಜಿಗೆ, ಬಾಲ ನನಗೆ. ದಿನವಿಡೀ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಅಮ್ಮನ ಬಟ್ಟಲಿಗೆ ಬರೀ ಸಾರು. ಕೇಳಿದರೆ, "ಇಡೀ ದಿನ ಮೀನಿನ ಮುಖ ಕಂಡದ್ದೇ ಸಾಕಾಗ್ತದೆ ನಂಗೆ" ಎನ್ನುತ್ತಿದ್ದಳು. ಬಹಳ ವರ್ಷ ನಾನು ಅದನ್ನು ನಂಬಿದ್ದೆ. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾದರೆ ಅಪ್ಪನ ಬಟ್ಟಲು ಅಂಗಳಕ್ಕೆ ಹಾರುತ್ತಿತ್ತು, ಅದನ್ನು ಹೆಕ್ಕಿ ತಂದು ತೊಳೆಯುವವಳೂ ಅಮ್ಮನೇ. ಇದೆಲ್ಲ ನಮ್ಮ ಓಣಿಯ ಬೇರೆ ಮನೆಗಳಲ್ಲೂ ಇತ್ತು, ಹಾಗಾಗಿ ಯಾರಿಗೂ ದೊಡ್ಡದಾಗಿ ಕಾಣುತ್ತಿರಲಿಲ್ಲ.

ಮನೆಯ ಕಾನೂನುಗಳು ಅಜ್ಜಿಯ ಬಾಯಲ್ಲಿದ್ದವು. ಅವುಗಳಲ್ಲಿ ದೊಡ್ಡದು ಹೊಸ ಬಲೆಯ ಮೀನಿನದು. ಹೊಸ ಬಲೆಗೆ ಮೊದಲು ಬಿದ್ದ ಮೀನನ್ನು ನಮ್ಮ ಮನೆಯ ಒಲೆಗೆ ಏರಿಸುವ ಹಾಗಿಲ್ಲ. ದೇವರಿಗೆ ಹೇಳಿ, ಬೋಟಿನ ಧಣಿಯ ಮನೆಗೋ ನೆರೆಮನೆಗೋ ಕೊಟ್ಟು ಮುಗಿಸಬೇಕು. ಕೊಡುವ ಮೊದಲು ನಾಲಗೆಗೆ ತಾಗಿಸಿದರೆ ಅದು ಎಂಜಲು, ಎಂಜಲು ಕೊಟ್ಟರೆ ಆ ಬಲೆಗೆ ಮತ್ತೆ ಮೀನು ಹತ್ತುವುದಿಲ್ಲ. ಕಾನೂನು ಬಲೆಯಿಂದ ಶುರುವಾಗಿ ಹಿತ್ತಲಿನ ಮೊದಲ ತೊಂಡೆಕಾಯಿ, ಹೊಸ ಕೋಳಿಯ ಮೊದಲ ಮೊಟ್ಟೆ, ಕೊನೆಗೆ ನಾನು ಶಾಲೆಯಲ್ಲಿ ಹೊಲಿದ ಮೊದಲ ಕರವಸ್ತ್ರದವರೆಗೂ ಹಬ್ಬಿತ್ತು. ಆ ಕರವಸ್ತ್ರವನ್ನು ಧಣಿಯ ಹೆಂಡತಿ ಏನು ಮಾಡಿದರೋ ದೇವರೇ ಬಲ್ಲ. ನಮ್ಮ ಮನೆಯ ಮೊದಲುಗಳೆಲ್ಲ ಹೆಚ್ಚಾಗಿ ಧಣಿಯ ಮನೆಗೇ ಹೋಗುತ್ತಿದ್ದವು. ಅಪ್ಪ ಅವರ ಬೋಟಿನಲ್ಲಿ ದುಡಿಯುತ್ತಿದ್ದ, ಅಮ್ಮ ಅದೇ ಬೋಟಿನ ಮೀನನ್ನು ಬುಟ್ಟಿಗೆ ತುಂಬಿಕೊಂಡು ಮಾರುತ್ತಿದ್ದಳು. ಬೋಟು ನಡೆಸುವ ತಾಂಡೇಲನಿಗೆ ವಯಸ್ಸಾಗಿತ್ತು. ಮಳೆಗಾಲ ಕಳೆದ ಮೇಲೆ ಆ ಜಾಗಕ್ಕೆ ತಾನೇ ಎಂದು ಅಪ್ಪ ಎರಡು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದ.

ಟಿ.ವಿ. ಗೇಮು ಬಂದದ್ದು ಅಮ್ಮನ ಬುಟ್ಟಿಯಲ್ಲಿ. ನೆರೆಯೂರು ಜಾಲಿಯಲ್ಲಿ ಅವಳು ದಿನಾ ಮೀನು ಕೊಡುತ್ತಿದ್ದ ಒಂದು ಮನೆಯಿತ್ತು, ಗಂಡಸರೆಲ್ಲ ದುಬೈಯಲ್ಲಿದ್ದ ಮನೆ. ಆ ಮನೆಯ ಯಜಮಾನಿಯನ್ನು ಅಮ್ಮ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ಅವರು ಭಟ್ಕಳದ ಮುಸ್ಲಿಮರ ನವಾಯತಿಯಲ್ಲಿ ಮಾತಾಡುತ್ತಿದ್ದರು, ಅಮ್ಮ ಕನ್ನಡದಲ್ಲಿ, ಇಬ್ಬರಿಗೂ ಏನೂ ತೊಂದರೆ ಇರಲಿಲ್ಲ. ಅವರ ಮಕ್ಕಳಿಗೆ ಹೊಸ ಯಂತ್ರ ಬಂದಾಗ ಹಳೆಯದನ್ನು, ನಿನ್ನ ಮಗಳು ಆಡಲಿ ಎಂದು, ಅಮ್ಮನ ಕೈಗೆ ಕೊಟ್ಟರು. ಬೂದು ಬಣ್ಣದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಕ್ಯಾಸೆಟ್ ತುರುಕುವ ಬಾಯಿ, ಎರಡು ಜಾಯ್‌ಸ್ಟಿಕ್. ಅಡಿಗೆ ಬಾಳೆಲೆ ಹಾಸಿ ತಂದಿದ್ದರೂ ಡಬ್ಬಿಗೆ ಬಂಗಡೆಯ ವಾಸನೆ ಹತ್ತಿತ್ತು, ಕೊನೆಗೂ ಅದು ಹೋಗಲಿಲ್ಲ. ಜಗುಲಿಯ ಟಿ.ವಿ.ಗೆ ಸಿಕ್ಕಿಸಿ ನಾನು ಆಡಲು ಕೂತೆ. ಹಾರುವುದು, ಗುಂಡು ಹೊಡೆಯುವುದು, ಮೇಲಿನಿಂದ ಬೀಳುವ ಇಟ್ಟಿಗೆ ಜೋಡಿಸುವುದು, ಹೀಗೆ ಹಲವು ಆಟಗಳು ಅದರಲ್ಲಿದ್ದವು. ಇಟ್ಟಿಗೆಯ ಆಟ ನನಗೆ ಬರುತ್ತಲೇ ಇರಲಿಲ್ಲ. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಅಮ್ಮ ತಡೆಯಲಾರದೆ ಹೇಳಿದಳು.

"ಹಾಂಗಲ್ಲವೇ. ಅದ್ರ ಬಾಲ ಈಚೆ ತಿರ್ಗ್ಸು. ಬುಟ್ಟಿಲಿ ಬಂಗ್ಡೆ ಹ್ಯಾಂಗೆ ಅಡ್ಕ್ತೆ ನಾನು? ಒಂದರ ತಲೆ, ಮತ್ತೊಂದರ ಬಾಲ. ಎಡೆ ಬಿಡೂಕಿಲ್ಲ."

ನಾನು ಜಾಯ್‌ಸ್ಟಿಕ್ಕನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳು ಆಡಿದ್ದನ್ನು ಈಗಲೂ ಕಣ್ಣೆದುರು ಕಾಣುತ್ತೇನೆ. ಇಪ್ಪತ್ತು ವರ್ಷ ಮೀನು ಅಡಕಿದ ಕೈ. ಇಟ್ಟಿಗೆ ಬೀಳುವ ಮೊದಲೇ ಅದರ ಜಾಗ ಅವಳಿಗೆ ಗೊತ್ತಾಗುತ್ತಿತ್ತು. ನಾಲಗೆ ತುದಿಯನ್ನು ತುಟಿಯ ಮೂಲೆಗೆ ಇಟ್ಟುಕೊಂಡು, ಉಸಿರು ಹಿಡಿದು, ಸಾಲು ಕರಗಿದಾಗ ಸಣ್ಣಗೆ ನಗುತ್ತಿದ್ದಳು. ಆ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಮ್ಮ ಅಮ್ಮನಿಗೆ ಬೇಕಾದದ್ದೂ ಒಂದಿದೆ ಎಂದು ಆ ದಿನ ತಿಳಿಯಿತು, ಮತ್ತು ಅದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ ಪರೀಕ್ಷೆಯಲ್ಲಿ ನಾನು ಪಾಸಾದಾಗಲೂ ಅಷ್ಟಾಗಿರಲಿಲ್ಲ.

ಮಳೆಗಾಲ ಹಿಡಿಯಿತು. ಬೋಟುಗಳು ದಡ ಹತ್ತಿದವು, ಗಂಡಸರು ಜಗುಲಿ ಹತ್ತಿದರು. ಅಪ್ಪನ ಜೊತೆಯ ಬೋಟಿನವರು ಬೆಳಿಗ್ಗೆಯೇ ಬಲೆ ಹೊಲಿಯುವ ನೆಪದಲ್ಲಿ ನಮ್ಮಲ್ಲಿ ಸೇರುತ್ತಿದ್ದರು. ಅವರಿಗೂ ಆಟದ ಹುಚ್ಚು ಹತ್ತಿತು. ಒಂದು ದಿನ ಇಟ್ಟಿಗೆಯ ಆಟದಲ್ಲಿ ಅಪ್ಪ ಎಲ್ಲರನ್ನೂ ಸೋಲಿಸಿ ಮೀಸೆ ತಿರುವುತ್ತಿದ್ದಾಗ ಯಾರೋ ತಮಾಷೆಗೆ, "ಅತ್ಗೀನ ಕರೀರಿ ಕಾಂಬ" ಎಂದರು. ಚಹಾ ಕೊಡಲು ಬಂದ ಅಮ್ಮನನ್ನು ಕೂರಿಸಿದರು. ಅವಳು ಬೇಡಬೇಡ ಎನ್ನುತ್ತಲೇ ಕೂತಳು, ಬೇಡಬೇಡ ಎನ್ನುತ್ತಲೇ ಅಪ್ಪನನ್ನು ಸೋಲಿಸಿದಳು. ಮತ್ತೆ ಆಡಿದರು, ಮತ್ತೆ ಸೋಲಿಸಿದಳು. ಜಗುಲಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ತಾಂಡೇಲ್ತಿ ಮಾಡೂಕೆ ಅಡ್ಡಿಲ್ಲ" ಎಂದು ಒಬ್ಬ ಹೇಳಿದ್ದೇ ತಡ, ಅಪ್ಪನ ಮುಖ ಹುಳಿ ಹಿಂಡಿದ ಹಾಗಾಯಿತು. ಎದ್ದು ಹೋಗಿ ಟಿ.ವಿ. ಬಂದ್ ಮಾಡಿ, ಆಟದ ಯಂತ್ರವನ್ನು ಕಿತ್ತು ಅಟ್ಟಕ್ಕೆ ಹಾಕಿದ. ಆ ಮಧ್ಯಾಹ್ನ ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು, ಬಟ್ಟಲು ಮಾತ್ರ ಅಂಗಳಕ್ಕೆ ಹೋಯಿತು. ಸಂಜೆ ಅಜ್ಜಿ ಕಾನೂನು ಹೇಳಿದಳು.

"ಗಂಡಸ್ರ ಎದ್ರಿಗೆ ಜಗ್ಲಿಲಿ ಕುಂತ್ಕಂಡು ಆಟ ಆಡೂ ಹೆಂಗ್ಸು ನಮ್ಮನೇಲಿ ಇರ್ಲಿಲ್ಲ. ನಿಂಗೆ ಆಟ ಬೇಕಾರೆ ಅಡ್ಗೆಮನೇಲಿ ಆಡು."

ಅಜ್ಜಿ ಅದನ್ನು ಚುಚ್ಚಲು ಹೇಳಿದ್ದು. ಅಡುಗೆಮನೆಯಲ್ಲಿ ಟಿ.ವಿ. ಎಲ್ಲಿಂದ ಬರಬೇಕು? ಆದರೆ ನಾನು ಆ ಮಾತನ್ನು ಹಾಗೇ ಹಿಡಿದುಕೊಂಡೆ. ಜಗುಲಿಗೆ ಹೋಗದೆ ಆಡುವ ಯಂತ್ರವೊಂದನ್ನು ಅಮ್ಮನಿಗೆ ಮಾಡಿಕೊಡಬೇಕು, ಒಲೆಯ ಪಕ್ಕ ಇಟ್ಟುಕೊಂಡು ಅವಳು ಆಡಬೇಕು, ಯಾರ ಅಪ್ಪಣೆಯೂ ಬೇಡ. ಹೊನ್ನಾವರದಲ್ಲಿ ನನ್ನ ಸೋದರಮಾವನಿಗೆ ರೇಡಿಯೋ ಟಿ.ವಿ. ರಿಪೇರಿಯ ಅಂಗಡಿಯಿತ್ತು. ರಜೆಗಳಲ್ಲೆಲ್ಲ ನಾನು ಅಲ್ಲೇ ಇರುತ್ತಿದ್ದೆ, ಬೆಸುಗೆ ಹಾಕಲು, ಮೀಟರು ಹಿಡಿಯಲು ಕಲಿತಿದ್ದೆ. ನಮ್ಮ ಮನೆಯ ಅಟ್ಟದಲ್ಲಿ ಅಂಗೈಯಗಲದ ಬ್ಲಾಕ್ ಅಂಡ್ ವೈಟ್ ಟಿ.ವಿ. ಒಂದು ಬಿದ್ದಿತ್ತು, ಹಿಂದೆ ಬೋಟಿನ ಕ್ಯಾಬಿನ್ನಿನಲ್ಲಿ ಬ್ಯಾಟರಿಗೆ ಹಚ್ಚುತ್ತಿದ್ದದ್ದು, ಉಪ್ಪು ತಿಂದು ಸತ್ತದ್ದು. ಅದನ್ನು ಮಾವನ ಅಂಗಡಿಗೆ ಒಯ್ದು, ಹಸಿರು ಕಿಲುಬು ಕೆರೆದು, ಎರಡು ಬಿಡಿಭಾಗ ಬದಲಾಯಿಸಿದ ಮೇಲೆ ಪರದೆಯಲ್ಲಿ ಬೆಳಕು ಬಂತು. ಮಾವ ಎರಡು ಎಮರ್ಜೆನ್ಸಿ ಲೈಟಿನ ಬ್ಯಾಟರಿಯನ್ನೂ ಕೊಟ್ಟು, "ಎಂತ ಬೇಕಾರೂ ಮಾಡು, ಬಿಸಿ ಹೊರಗೆ ಹೋಗೂಕೆ ದಾರಿ ಇಡು" ಎಂದ.

ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಇಡುತ್ತಿದ್ದ ಪ್ಲೈವುಡ್ ಪೆಟ್ಟಿಗೆಯೊಂದನ್ನು ತೊಳೆದು ಒಣಗಿಸಿದೆ. ಅದರ ಮುಖಕ್ಕೆ ಪರದೆಯಷ್ಟೇ ಕಿಂಡಿ ಕೊರೆದೆ. ಆಟದ ಯಂತ್ರದ ಪ್ಲಾಸ್ಟಿಕ್ ಕಳಚಿ ಎಸೆದು, ಒಳಗಿನ ಬೋರ್ಡನ್ನು ಪರದೆಯ ಹಿಂದೆ ನಿಲ್ಲಿಸಿದೆ. ಬ್ಯಾಟರಿಗಳು ಅಡಿಯಲ್ಲಿ, ಜಾಯ್‌ಸ್ಟಿಕ್ಕಿನ ವಯರು ಪಕ್ಕದಲ್ಲಿ, ಎತ್ತಲು ಮೇಲೊಂದು ಹಿಡಿಕೆ. ಬ್ಯಾಟರಿಯ ವೋಲ್ಟೇಜು ಆಟದ ಬೋರ್ಡಿಗೆ ಹೆಚ್ಚಾಗುತ್ತದೆ. ಅದನ್ನು ಇಳಿಸಲು ಮೂರು ಕಾಲಿನ ಒಂದು ಸಣ್ಣ ಸಾಮಾನಿದೆ, ರೆಗ್ಯುಲೇಟರ್ ಎನ್ನುತ್ತೇವೆ. ಹೆಚ್ಚಾದದ್ದನ್ನೆಲ್ಲ ಅದು ಬಿಸಿಯಾಗಿ ಹೊರಹಾಕುತ್ತದೆ, ಮುಟ್ಟಿದರೆ ಬೆರಳು ಸುಡುವಷ್ಟು. ಅದಕ್ಕಾಗಿ ಕಬ್ಬಿಣದ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಪೆಟ್ಟಿಗೆಯ ಮೇಲೂ ಕೆಳಗೂ ಸಾಲಾಗಿ ತೂತು ಸುಟ್ಟೆ. ಪೆಟ್ಟಿಗೆ ನೋಡಲು ಚಂದವೇನೂ ಇರಲಿಲ್ಲ, ಪುಟ್ಟ ಮಗುವಿನಷ್ಟು ಭಾರ. ಆದರೆ ಗುಂಡಿ ಒತ್ತಿದ ಕೂಡಲೇ ಪರದೆಯಲ್ಲಿ ಇಟ್ಟಿಗೆ ಬಿದ್ದವು. ಹದಿನಾಲ್ಕು ವರ್ಷದ ಹುಡುಗಿಗೆ ಅದಕ್ಕಿಂತ ಹೆಚ್ಚು ಏನು ಬೇಕು?

ಅಮ್ಮ ಮೊದಲು ಹೆದರಿದಳು. ಆಮೇಲೆ ಬೇಳೆ ಬೇಯುವಷ್ಟು ಹೊತ್ತು ಎಂದಳು. ಆಮೇಲೆ ಬೇಳೆ ದಿನಾ ತಡವಾಗಿ ಬೇಯತೊಡಗಿತು. ಮಳೆ ಹೆಂಚಿನ ಮೇಲೆ ಬಡಿಯುತ್ತಿರುವಾಗ, ಜಗುಲಿಯಲ್ಲಿ ಗಂಡಸರ ಟಿ.ವಿ. ಅರಚುತ್ತಿರುವಾಗ, ಅವಳು ಒಲೆಯ ಎದುರಿನ ಮಣೆಯ ಮೇಲೆ ಕೂತು ಇಟ್ಟಿಗೆ ಅಡಕುತ್ತಿದ್ದಳು. ಸದ್ದನ್ನು ನಾನು ಪೂರ್ತಿ ಇಳಿಸಿಟ್ಟಿದ್ದೆ. ಬಣ್ಣ ಇಲ್ಲವಲ್ಲ ಎಂದು ನಾನು ಬೇಜಾರು ಮಾಡಿಕೊಂಡರೆ, "ಬಂಗ್ಡೆಗೆ ಎಂತಾ ಬಣ್ಣವೇ" ಎಂದಳು. ಆಟ ಸೋತಾಗ ಎಲ್ಲರ ಹಾಗೆ ಸಿಟ್ಟಾಗುತ್ತಿದ್ದಳು, ಗೆದ್ದಾಗ ನನ್ನ ತೊಡೆ ಚಿವುಟುತ್ತಿದ್ದಳು. ತಾನು ಹುಡುಗಿಯಾಗಿದ್ದಾಗ ಕವಡೆ ಆಟದಲ್ಲಿ ಇಡೀ ಕೇರಿಯನ್ನು ಸೋಲಿಸುತ್ತಿದ್ದದ್ದನ್ನು, ಮದುವೆಯ ದಿನ ಕವಡೆಗಳನ್ನು ತಂಗಿಗೆ ಕೊಟ್ಟು ಬಂದದ್ದನ್ನು ಆಗಲೇ ಹೇಳಿದ್ದು. ಆ ಮಳೆಗಾಲದ ಕೆಲವು ವಾರಗಳಲ್ಲಿ ನನಗೆ ಅಮ್ಮ ಸಿಕ್ಕಿದ್ದಳು ಎಂದು ಹೇಳಿದರೆ ತಪ್ಪಾಗಲಾರದು.

ಸಿಕ್ಕಿಬಿದ್ದದ್ದು ಬೀಡಿಯಿಂದ. ಬೆಂಕಿಪೊಟ್ಟಣ ಒದ್ದೆಯಾಗಿ, ಕೆಂಡಕ್ಕೆಂದು ಅಪ್ಪ ಒಂದು ಬೆಳಿಗ್ಗೆ ಅಡುಗೆಮನೆಗೇ ಬಂದ. ಅಮ್ಮ ಆಗ ತಾನೇ ಆಟದಿಂದ ಎದ್ದು ಕಾಯಿ ತುರಿಯುತ್ತಿದ್ದಳು, ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು.

"ಎಂತ ಅದು?"

"ಟಿ.ವಿ. ಗೇಮು. ಎತ್ಕಂಡು ಓಡಾಡೂದು."

"ಯಾರ್ ಮಾಡ್ಕೊಟ್ಟದ್ದು? ನಿನ್ನ ಮಾವನಾ?"

"ನಾನೇ ಮಾಡಿದ್ದು."

ಅಪ್ಪ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡಿದ. ಸಿಟ್ಟು ಬರುತ್ತದೆ ಎಂದು ಹೆದರಿದ್ದೆ, ಬರಲಿಲ್ಲ. "ಭಲೇ" ಎಂದ. ಜೀವನದಲ್ಲಿ ಅಪ್ಪ ನನಗೆ ಭಲೇ ಎಂದದ್ದು ಅದೊಂದೇ ಸಲ, ಮತ್ತು ಹೇಳಲು ನಾಚಿಕೆಯಾಗುತ್ತದೆ, ನಾನು ಹಿಗ್ಗಿ ಹೀರೆಕಾಯಿಯಾದೆ. ಅಪ್ಪ ಅದನ್ನು ಜಗುಲಿಗೆ ಒಯ್ದು ಎಲ್ಲರಿಗೂ ತೋರಿಸಿದ, ನಮ್ಮ ಹುಡುಗಿ ಮಾಡಿದ್ದು ಎಂದ. ಅವರು ಕೈಯಿಂದ ಕೈಗೆ ದಾಟಿಸಿ ಹೊಗಳಿದರು. ಧಣಿಯ ಮಗ ಆ ವರ್ಷದಿಂದ ಬೋಟಿಗೆ ಬರುವವನಿದ್ದ. ನೀರಿನ ಮೇಲೆ ಅವನಿಗೆ ಹೊತ್ತು ಹೋಗುವುದಿಲ್ಲವಂತೆ ಎಂದು ಯಾರೋ ಹೇಳಿದರು. ಅಪ್ಪ ಪೆಟ್ಟಿಗೆಯನ್ನು ಬೆಂಚಿನ ಮೇಲೆ ತನ್ನ ಪಕ್ಕಕ್ಕೆ ಇಟ್ಟುಕೊಂಡ. ಸಂಜೆಯ ಹೊತ್ತಿಗೆ ಅಜ್ಜಿಯ ಬಾಯಿಗೆ ಮಾತು ಬಂದಿತ್ತು. ಯಾರು ಹಾಕಿದ ಮಾತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಕೂಸಿನ ಮೊದಲ್ ಕಸ್ಬು ಅದು. ಹೊಸ ಬಲೆ ಮೀನಿದ್ದ ಹಾಂಗೆ. ಮನೇಲಿ ಇಟ್ಕಂಬೂಕೆ ಆಗೂದಿಲ್ಲ. ಧಣಿ ಮನೆಗೆ ಮುಟ್ಸಿ ಬಾ."

"ಅದು ಅಮ್ಮಂಗೆ ಮಾಡಿದ್ದು" ಎಂದೆ ನಾನು.

ಬಾಗಿಲ ಮರೆಯಿಂದ ಅಮ್ಮನ ದನಿ ಬಂತು. "ಹುಡುಗಿ ಎಂತೆಂತದೋ ಹೇಳ್ತದೆ. ನಂಗೆಂತಕೆ ಅದು. ತಕಂಡ್ ಹೋಗಿ."

ಅವಳು ಹಾಗೆ ಹೇಳದಿದ್ದರೆ ಅಪ್ಪ ಬಿಡುತ್ತಿದ್ದನೇ? ಇಲ್ಲ. ಆದರೂ ಅಡುಗೆಮನೆಗೆ ಹೋಗಿ ನಾನು ಅವಳ ಮೇಲೆಯೇ ರೇಗಿದೆ, ಅಪ್ಪನ ಮೇಲೆ ರೇಗುವ ಧೈರ್ಯ ಇಲ್ಲದ್ದಕ್ಕೆ. ಇನ್ನೊಂದು ಮಾಡಿಕೊಡು ಮತ್ತೆ ಎಂದು ಅವಳು ಸಮಾಧಾನ ಮಾಡಿದಳು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುವ ಗಾದೆ ಹುಟ್ಟಿದ್ದು ನಮ್ಮ ಜಗುಲಿಯಲ್ಲೇ ಇರಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮರುದಿನ ಶಾಲೆಯಿಂದ ಬರುವಾಗ ಓಣಿಯ ತುದಿಗೇ ರಾಳದ ವಾಸನೆ ಬಡಿಯಿತು. ನಮ್ಮಲ್ಲಿ ದೋಣಿಯ ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ, ಮೇಲೆ ಎಣ್ಣೆಯಲ್ಲಿ ಕಾಯಿಸಿದ ರಾಳ ಮೆತ್ತುತ್ತಾರೆ, ನೀರು ಒಳಗೆ ಬರದಿರಲೆಂದು. ಆ ಕೆಲಸದಲ್ಲಿ ಅಪ್ಪನಷ್ಟು ನಾಜೂಕಿನ ಕೈ ತೆಂಗಿನಗುಂಡಿಯಲ್ಲಿ ಇನ್ನೊಂದಿರಲಿಲ್ಲ. ಅಂಗಳದಲ್ಲಿ ಅಪ್ಪ ನನ್ನ ಪೆಟ್ಟಿಗೆಯನ್ನು ಮಗುಚಿಟ್ಟುಕೊಂಡು ಕೂತಿದ್ದ. ನಾನು ಸುಟ್ಟ ಒಂದೊಂದು ತೂತಿಗೂ ಹತ್ತಿ ಜಡಿದು ರಾಳ ತುಂಬಿದ್ದ, ಹಲಗೆ ಕೂಡುವ ಮೂಲೆಗಳಿಗೂ ಬಳಿದಿದ್ದ. ಮೇಲೆ ಬೋಟಿಗೆ ಹೊಡೆದು ಉಳಿದ ನೀಲಿ ಬಣ್ಣ.

"ಅಪ್ಪ, ತೂತು ಮುಚ್ಬಾರ್ದು. ಒಳಗೆ ಬಿಸಿ ಆಗ್ತದೆ ಅದು, ಗಾಳಿ ಬೇಕು."

"ಬೋಟಿಗೆ ಹೋಗೂ ವಸ್ತು ಇದು. ತೂತಿದ್ದದ್ದನ್ನ ನೀರಿಗೆ ಇಳ್ಸ್ತಾರಾ ಯಾರಾದ್ರೂ? ಉಪ್ಪುನೀರು ಒಂದ್ ಹನಿ ಹೋದ್ರೆ ನಿನ್ನ ಟಿ.ವಿ. ಗೇಮು ಹೋತು."

"ಮಾವ ಹೇಳಿದಾನೆ, ಬಿಸಿ ಹೊರಗೆ ಹೋಗೂಕೆ..."

"ನಿನ್ನ ಮಾವ ಬೋಟು ಕಂಡಿದಾನಾ?"

ಅಪ್ಪನ ಮಾತಿನಲ್ಲೂ ಅರ್ಧ ಸತ್ಯ ಇತ್ತು, ಅದನ್ನು ಈಗ ಒಪ್ಪಬಲ್ಲೆ. ಹುಟ್ಟಿದಾಗಿನಿಂದ ತೂತು ಎಂದರೆ ಸಾವು ಎಂದು ಕಲಿತ ಮನುಷ್ಯ. ನೀರಿಗೆ ಹೋಗುವ ಪೆಟ್ಟಿಗೆಯಲ್ಲಿ ಬೇಕೆಂದೇ ತೂತು ಇಟ್ಟಿರುತ್ತಾರೆ ಎಂಬುದು ಅವನ ತಲೆಗೆ ಹೋಗುವ ಮಾತಲ್ಲ. ಅವನು ಕೆಡಿಸಬೇಕೆಂದು ಮಾಡಲಿಲ್ಲ, ತನಗೆ ಗೊತ್ತಿದ್ದ ಅತ್ಯುತ್ತಮ ಕೆಲಸ ಮಾಡಿದ. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ದಾಸವಾಳ ಇಟ್ಟು, ಹೊಸ ಟವೆಲಿನಲ್ಲಿ ಸುತ್ತಿಕೊಟ್ಟವಳು ಅಮ್ಮ. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತು ಧಣಿಯ ಮನೆಗೆ ಹೋದ.

ಬರುವಾಗ ಮುಖ ಅರಳಿತ್ತು. ಮೊದಲ ಸಲ ಬೋಟು ನೀರಿಗೆ ಇಳಿಯುವಾಗ ಚುಕ್ಕಾಣಿ ನೀನೇ ಹಿಡಿ, ಆಮೇಲೆ ನೋಡುವ ಎಂದು ಧಣಿ ಹೇಳಿದ್ದರಂತೆ. ಆ ಕೆಲವು ದಿನ ನಮ್ಮ ಮನೆಯಲ್ಲಿ ಬಟ್ಟಲು ಹಾರಲಿಲ್ಲ. ಸಮುದ್ರಕ್ಕೆ ಪೂಜೆ ಮಾಡಿ, ಕಾಯಿ ಬಿಟ್ಟು, ಬೋಟುಗಳು ಹೊರಟವು. ಅಪ್ಪ ತಾಂಡೇಲನ ಜಾಗದಲ್ಲಿ ನಿಂತದ್ದನ್ನು ನೋಡಲು ಅಜ್ಜಿ ದಡದವರೆಗೂ ನಡೆದು ಹೋಗಿದ್ದಳು.

ಬೋಟು ಹಿಂತಿರುಗಿದಾಗ ಆದದ್ದನ್ನು ಹೇಳಿದವರು ಜೊತೆಗಿದ್ದವರು. ಧಣಿಯ ಮಗ ಕ್ಯಾಬಿನ್ನಿನಲ್ಲಿ ಬಿಡದೆ ಆಟಕ್ಕೆ ಕೂತಿದ್ದನಂತೆ. ಸ್ವಲ್ಪ ಹೊತ್ತಿಗೆ ಪರದೆ ಅಲುಗಾಡಿತಂತೆ, ಆಮೇಲೆ ಪೆಟ್ಟಿಗೆಯ ಕಿಂಡಿಯಿಂದ ಕಪ್ಪು ಹೊಗೆ. ಬೋಟಿನಲ್ಲಿ ಡೀಸೆಲ್ ಇರುತ್ತದೆ, ಹೊಗೆ ಕಂಡರೆ ಎಂಥವರ ಎದೆಯೂ ಒಡೆಯುತ್ತದೆ. ಬಲೆ ಅರ್ಧಕ್ಕೇ ಬಿಟ್ಟು ಎಲ್ಲರೂ ಒಳಗೆ ಓಡಿದರಂತೆ, ಪೆಟ್ಟಿಗೆಯನ್ನು ಹೊರಗೆ ಎಳೆದು ನೀರು ಸುರಿದರಂತೆ. ಆ ಗಲಾಟೆಯಲ್ಲಿ ಬಲೆ ಹರಿಯಿತು. ಹೊಸ ಹಂಗಾಮಿನ ಮೊದಲ ಸಲವೇ ಬೋಟಿನಲ್ಲಿ ಹೊಗೆ, ಖಾಲಿ ಬುಟ್ಟಿ. ಧಣಿ ಜೋರು ಮಾಡಲಿಲ್ಲ. ಹೊನ್ನಾವರದ ಕಾಸರಕೋಡಿನ ಕಡೆಯ ಒಬ್ಬನನ್ನು ತಾಂಡೇಲ ಎಂದು ಕರೆಸಿದರು, ಪೆಟ್ಟಿಗೆಯನ್ನು ಆಳಿನ ಕೈಯಲ್ಲಿ ನಮ್ಮ ಮನೆಗೆ ಕಳಿಸಿದರು. ಅಪ್ಪ ಅದನ್ನು ಜಗುಲಿಯ ಮೂಲೆಗೆ ಒದ್ದು, ಬೆಂಚಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ವಿಚಾರಣೆ ಮರುದಿನ ಬೆಳಿಗ್ಗೆ. ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಒಂದೇ ಪ್ರಶ್ನೆ ಕೇಳಿದಳು.

"ಮೊದಲ್ ಮೀನು ಕೊಟ್ರೆ ಹೀಂಗೆ ಆಗೂದಿಲ್ಲ. ಎಂಜಲ್ ಕೊಟ್ರೇ ಆಗೂದು. ಕೊಡೂ ಮೊದ್ಲು ಯಾರ್ ಆಡಿದ್ದು ಅದ್ರಲ್ಲಿ?"

"ಯಾರೋ ಆಡಿದ್ದಕ್ಕೆ ಸುಟ್ಟದ್ದಲ್ಲ," ಎಂದೆ. "ಅಪ್ಪ ತೂತು ಮುಚ್ಚಿದ್ದಕ್ಕೆ ಸುಟ್ಟದ್ದು. ನಾ ಹೇಳಿದ್ದೆ."

ಅಪ್ಪ ಬೆಂಚಿನಿಂದ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದ. "ನಾ ರಾಳ ಹಚ್ಚಿದ್ದು ಇವತ್ತಿನ ತನಕ ಒಂದು ಕೆಟ್ಟಿಲ್ಲ. ಮಾಡಿದ್ದು ನೀನು. ಹಾಳು ಸಾಮಾನು ಮಾಡಿ, ನನ್ನ ಬಾಯಿಗೆ ಮಣ್ಣ್ ಹಾಕಿ, ಮತ್ತೆ ನಂಗೇ ಹೇಳ್ತ್ಯಾ? ಇನ್ನು ಹೊನ್ನಾವರಕ್ಕೆ ಹೋಗೂದು ಬೇಡ, ಶಾಲೆಗೂ ಬೇಡ, ಮೀನ್ ಬುಟ್ಟಿ ಹೊರು."

ಆಗ ಅಮ್ಮ ಬಾಗಿಲು ದಾಟಿ ಜಗುಲಿಗೆ ಬಂದಳು. "ನಾ ಆಡಿದ್ದೆ," ಎಂದಳು. "ದಿನಾ ಆಡಿದ್ದೆ. ಕೊಡೂ ಮೊದ್ಲು. ಹುಡುಗಿಗೆ ಹೊಡೀಬೇಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ನಮ್ಮಲ್ಲಿ ಎಮ್ಮೆ ತಾನಾಗಿಯೇ ಬಂದು ಬೆನ್ನು ಕೊಟ್ಟಿತು. ಅಜ್ಜಿಗೆ ಬೇಕಾದ ಉತ್ತರ ಸಿಕ್ಕಿತ್ತು, ನನ್ನ ಶಾಲೆ ಬಿಡಿಸುವ ಮಾತು ಅಲ್ಲಿಗೇ ಬಿತ್ತು. ಸುಳ್ಳು ಹೇಳಿ ಎಂಜಲು ಕಳಿಸಿದವಳು ಎಂದು ಶುರುಮಾಡಿ, ಅಮ್ಮನ ತವರಿನವರೆಗೂ ಹೋಗಿ ಬಂದಳು. ತೀರ್ಮಾನವೂ ಅವಳದೇ. ಧಣಿಯ ಮನೆಗೆ ಕಾಯಿ ಹೂವು ತೆಗೆದುಕೊಂಡು ಹೋಗಿ, ಅಂಗಳದಲ್ಲಿ ನಿಂತು, ತಪ್ಪಾಯಿತು ಎಂದು ಅಮ್ಮ ಹೇಳಿ ಬರಬೇಕು. ಅಮ್ಮ ಮೀನಿನ ಸೀರೆ ಬದಲಿಸಿ, ಒಳ್ಳೆಯದೊಂದು ಉಟ್ಟು, ಒಬ್ಬಳೇ ಹೊರಟಳು. ಅಲ್ಲಿ ಏನಾಯಿತು ಎಂಬುದನ್ನು ಅವಳು ಎಂದೂ ಹೇಳಲಿಲ್ಲ, ಊರು ಹೇಳಿತು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿ, ಒಳಗಿನ ಹೆಂಗಸರನ್ನೆಲ್ಲ ಕರೆದು, ನೀನು ಆಟ ಆಡುವವಳಾ ಎಂದು ಕೇಳಿ ನಕ್ಕರಂತೆ. ಇನ್ನು ಮೇಲೆ ನಮ್ಮ ಬೋಟಿನ ಮೀನು ನಿನ್ನ ಬುಟ್ಟಿಗೆ ಬೇಡ ಎಂದರಂತೆ. ಅಂದಿನಿಂದ ಕೊನೆಯವರೆಗೆ ಅವಳು ನಸುಕಿಗೇ ಭಟ್ಕಳದ ಪೇಟೆಗೆ ನಡೆದು, ಬೇರೆಯವರು ಆರಿಸಿ ಬಿಟ್ಟ ಮೀನು ತಂದು ಮಾರಿದಳು. ಆಟವನ್ನು ಮತ್ತೆ ಮುಟ್ಟಲಿಲ್ಲ. ನಾನು ಸಂಪಾದಿಸಲು ಶುರುಮಾಡಿದ ಮೇಲೆ ಒಂದು ಒಳ್ಳೆಯ ಕೈಯಾಟದ ಯಂತ್ರ ತಂದುಕೊಟ್ಟಿದ್ದೆ. ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟಳು.

ಆದರೆ ಅವಳು ಇನ್ನೂ ಆ ಅಂಗಳದಲ್ಲಿ ನಿಂತಿದ್ದಾಗಲೇ ನಮ್ಮ ಜಗುಲಿಯಲ್ಲಿ ಆದದ್ದನ್ನು ಹೇಳಬೇಕು. ನಾನು ಮೂಲೆಯಿಂದ ಪೆಟ್ಟಿಗೆಯನ್ನು ಎಳೆದು ತಂದು, ಅಪ್ಪನ ಬೆಂಚಿನ ಎದುರಿಗೇ ಕೂತು, ಸ್ಕ್ರೂ ತೆಗೆದೆ. ಮೂಲೆಗಳಿಗೆ ಮೆತ್ತಿದ್ದ ರಾಳವನ್ನು ಮೀನಿನ ಕತ್ತಿಯಿಂದ ಒಡೆಯಬೇಕಾಯಿತು. ಮುಚ್ಚಳ ಎತ್ತಿದರೆ ಯಾರಿಗೂ ವಿವರಿಸುವ ಅಗತ್ಯವೇ ಇರಲಿಲ್ಲ. ಮೇಲಿನ ತೂತುಗಳ ರಾಳ ಬಿಸಿಗೆ ಕರಗಿ, ಒಳಗೆ ಎಳೆ ಎಳೆಯಾಗಿ ಇಳಿದು, ರೆಗ್ಯುಲೇಟರಿನ ಮೇಲೆ ಬಿದ್ದು ಕಪ್ಪು ಗಂಟಾಗಿತ್ತು. ಅದರ ಹತ್ತಿರದ ಹತ್ತಿಯೆಲ್ಲ ಕರಕಲು. ಹಲಗೆ ಅಲ್ಲಿ ಮಾತ್ರ ಇದ್ದಿಲಾಗಿತ್ತು, ಉಳಿದ ಕಡೆ ಹಾಗೇ ಇತ್ತು. ನಾನು ಪೆಟ್ಟಿಗೆಯನ್ನು ಅಪ್ಪನ ಕಡೆ ತಿರುಗಿಸಿದೆ. ಬಲೆ ಹೊಲಿಯುತ್ತಿದ್ದವನು ಇಳಿದು ಬಂದು ಕುಕ್ಕರಿಸಿದ. ಉಗುರಿನಿಂದ ಕರಕಲು ಹತ್ತಿ ಕೆರೆದ. ಹೆಪ್ಪುಗಟ್ಟಿದ ರಾಳ ಮುರಿದು ಮೂಸಿದ. ಒಂದು ದೋಣಿ ಎಲ್ಲಿ ಸೋರಿತು, ಯಾಕೆ ಸೋರಿತು ಎಂದು ಹಲಗೆ ನೋಡಿಯೇ ಹೇಳುವ ಮನುಷ್ಯ. ಅವನಿಗೆ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು, ಅವನ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು.

ಈಗ ಎದ್ದು ಅಂಗಿ ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಧಣಿಯ ಮನೆ ದೂರವೇನಲ್ಲ, ಅಮ್ಮ ಇನ್ನೂ ಅಲ್ಲೇ ಇರುತ್ತಾಳೆ, ಕರೆದುಕೊಂಡು ಬರುತ್ತಾನೆ. ಅಪ್ಪ ಓಣಿಯ ಕಡೆ ನೋಡಿದ ಕೂಡ.

"ಎಂತದಾ ಅದು?" ಎಂದಳು ಅಜ್ಜಿ ಚಾಪೆಯಿಂದ.

"ಎಂತದೂ ಇಲ್ಲ," ಎಂದ ಅಪ್ಪ. ನನಗೆ ಮೆಲ್ಲಗೆ, "ಮುಚ್ಚು ಅದ್ನ" ಎಂದ. ಬೆಂಚಿಗೆ ಹೋಗಿ ಬಲೆ ಎತ್ತಿಕೊಂಡ.

ನಾನು ಮುಚ್ಚಲಿಲ್ಲ. ಅಮ್ಮ ಬಂದಾಗ ಪೆಟ್ಟಿಗೆ ಜಗುಲಿಯ ನಡುವೆ ಹಾಗೇ ಬಾಯಿ ತೆರೆದುಕೊಂಡಿತ್ತು. ಮೆಟ್ಟಿಲ ಬಳಿ ಕಾಲು ತೊಳೆದು ಮೇಲೆ ಬಂದವಳು ನಿಂತು ಅದನ್ನು ನೋಡಿದಳು. ದೋಣಿ ಕಟ್ಟುವವರ ಮನೆಯಲ್ಲಿ ಹುಟ್ಟಿದವಳು, ರಾಳ ಎಂದರೇನೆಂದು ಅವಳಿಗೂ ಗೊತ್ತು. ಆಮೇಲೆ ಅಪ್ಪನನ್ನು ನೋಡಿದಳು. ಅಪ್ಪ ತಲೆ ಎತ್ತಲಿಲ್ಲ. ಬಲೆಯ ಕಣ್ಣುಗಳ ಮೇಲೇ ಕಣ್ಣಿಟ್ಟು, ಅಜ್ಜಿಗೆ ಕೇಳಿಸುವ ಹಾಗೆ ಹೇಳಿದ.

"ಇನ್ನೊಂದ್ ಸಲ ಇಂತದ್ದೆಲ್ಲ ಮಾಡೂಕಿಲ್ಲ. ಹೇಳಿದೇನೆ."

ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿ ಎಂದು ನಾನು ಹಲ್ಲು ಕಚ್ಚಿ ಕಾಯುತ್ತಿದ್ದೆ.

"ಆತು," ಎಂದಳು. "ಅನ್ನ ಬಡಿಸ್ಲಾ?"

ಅಪ್ಪ ಬಲೆ ಬದಿಗಿಟ್ಟು ಕೈ ತೊಳೆಯಲು ಎದ್ದ.